ಒಂದು, ಎರಡು, ಮೂರು: ಮುಂಬೈಯಲ್ಲಿ ನೆನಪಿನ ಬಗ್ಗೆ ಪಿಎಚ್.ಡಿ. ಮಾಡಹೊರಟವರಿಗೆ

ಹನ್ನೆರಡು ವರ್ಷಗಳ ಹಿಂದೆ ನಾನು ಮುಂಬೈ ಉಪನಗರದ ಒಂದು ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದೆ. ಒಂದು ಮಧ್ಯಾಹ್ನ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಅವರ ಮಗ ಕರೆದುಕೊಂಡು ಬಂದರು. ಅಪ್ಪನಿಗೆ ಮರೆವು ಹೆಚ್ಚಾಗಿದೆ ಎಂಬುದು ದೂರು. ನಾನು ಪದ್ಧತಿಯಂತೆ ಅಂಕಿಗಳನ್ನು ಒಂದೊಂದಾಗಿ ಹೇಳುತ್ತ, ಅದೇ ಕ್ರಮದಲ್ಲಿ ತಿರುಗಿ ಹೇಳುವಂತೆ ಕೇಳಿದೆ. ನಮ್ಮ ಕಡೆಯವರು ಎಂಬ ಸಂತೋಷದಲ್ಲಿ ಕನ್ನಡದಲ್ಲೇ ಕೇಳಿದೆ. ಐದು ಅಂಕಿಗೆ ನಿಂತುಬಿಟ್ಟರು. ಮಗನ ಮುಖ ಬಾಡಿತು. ಎದ್ದು ಹೊರಡುವಾಗ ಹಿರಿಯರು ಮೇಜಿನ ಬಳಿ ಒಂದು ಕ್ಷಣ ನಿಂತು, "ಅಮ್ಮಾ, ನಲವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತವನು ನಾನು. ಹಿಂದಿಯಲ್ಲಿ ಒಮ್ಮೆ ಕೇಳಿ ನೋಡಿ" ಎಂದರು. ಕೇಳಿದೆ. ಏಳು ಅಂಕಿಗಳನ್ನು ತಡವರಿಸದೆ ಹೇಳಿದರು.

ಅವತ್ತು ಸಂಜೆ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಬೆರಳು ಮಡಿಸಿ ಎಣಿಸಿದೆ. ಹಿಂದಿಯಲ್ಲಿ ಒಂದರಿಂದ ಒಂಬತ್ತರವರೆಗೆ ಎಲ್ಲವೂ ಒಂದೊಂದೇ ಉಚ್ಚಾರಾಂಶ: ಏಕ್, ದೋ, ತೀನ್, ಚಾರ್. ಒಟ್ಟು ಒಂಬತ್ತು. ಮರಾಠಿಯಲ್ಲಿ ಸಹಾ (ಆರು) ಮತ್ತು ನಊ (ಒಂಬತ್ತು) ಎರಡೆರಡು, ಉಳಿದವು ಒಂದೊಂದು, ಒಟ್ಟು ಹನ್ನೊಂದು. ಕನ್ನಡದಲ್ಲಿ ಒಂದಕ್ಕೂ ಒಂದೇ ಉಚ್ಚಾರಾಂಶವಿಲ್ಲ. ಎರಡು ಮತ್ತು ಒಂಬತ್ತಕ್ಕೆ ಮೂರು ಮೂರು. ಒಟ್ಟು ಇಪ್ಪತ್ತು. ಆ ಹಿರಿಯರ ನೆನಪು ಕುಸಿದಿರಲಿಲ್ಲ. ನನ್ನ ಕೈಯಲ್ಲಿದ್ದ ಅಳತೆಗೋಲೇ ಸರಿಯಿರಲಿಲ್ಲ.

ಅದೇ ನನ್ನ ಪಿಎಚ್.ಡಿ. ಆಯಿತು. ಮೂವತ್ತಾರನೆಯ ವಯಸ್ಸಿನಲ್ಲಿ ಸೇರಿದೆ, ಆರೂವರೆ ವರ್ಷ ಹಿಡಿಯಿತು. ಈಗ ಭಾನುವಾರಗಳಂದು ಕೆಲವು ವಿದ್ಯಾರ್ಥಿಗಳು ಮನೆಗೆ ಬರುತ್ತಾರೆ. ಅವರಿಗೆ ಮತ್ತೆ ಮತ್ತೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅನುಭವವೆಲ್ಲ ನೆನಪು ಮತ್ತು ಭಾಷೆಯ ಕಡೆಯದು. ನಿಮ್ಮದು ನಿದ್ರೆಯೋ ಆತಂಕವೋ ಮಕ್ಕಳ ಓದುವಿಕೆಯೋ ಆಗಿದ್ದರೆ ಅಂಕಿಗಳ ಜಾಗದಲ್ಲಿ ನಿಮ್ಮ ವಸ್ತುವನ್ನು ಇಟ್ಟುಕೊಂಡು ಓದಿ.

ಪ್ರಶ್ನೆ ಹುಡುಕುವುದು

ನನ್ನ ಬಳಿ ಬರುವ ಹತ್ತರಲ್ಲಿ ಏಳು ಮಂದಿ ಶೀರ್ಷಿಕೆಯೊಂದಿಗೆ ಬರುತ್ತಾರೆ. "ಮುಂಬೈಯ ಹಿರಿಯ ಕನ್ನಡಿಗರ ನೆನಪಿನ ಶಕ್ತಿ: ಒಂದು ಅಧ್ಯಯನ." ಅದು ವಿಷಯ, ಇನ್ನೂ ಪ್ರಶ್ನೆಯಾಗಿಲ್ಲ. ಪ್ರಶ್ನೆ ಎಂದರೆ ಉತ್ತರ "ಇಲ್ಲ" ಎಂದು ಬರಲು ಅವಕಾಶವಿರುವ ವಾಕ್ಯ. ನನ್ನದನ್ನು ಹೀಗೆ ಬರೆದುಕೊಂಡಿದ್ದೆ: ಒಬ್ಬರೇ ವ್ಯಕ್ತಿ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಅಂಕಿಗಳನ್ನು ನೆನಪಿಟ್ಟುಕೊಂಡರೆ, ತಪ್ಪಿಲ್ಲದೆ ತಿರುಗಿ ಹೇಳಬಲ್ಲ ಸರಣಿಯ ಉದ್ದ ಬದಲಾಗುತ್ತದೆಯೇ? ಬದಲಾದರೆ ಕಾರಣ ಉಚ್ಚಾರದ ಉದ್ದವೇ, ಅಥವಾ ಅವರು ಜೀವಮಾನವಿಡೀ ಹಣ ಎಣಿಸಿದ ಭಾಷೆಯೇ?

ಎರಡನೆಯ ವಾಕ್ಯ ಬಹಳ ಮುಖ್ಯ. ಗಲ್ಲೆಯಲ್ಲಿ ಕೂತವರಿಗೆ ಹಿಂದಿ ಅಂಕಿಗಳ ಮೇಲೆ ನಲವತ್ತು ವರ್ಷಗಳ ಕೈಪಳಗು ಇರುತ್ತದೆ. ಆ ಹಿರಿಯರು ಏಳು ಅಂಕಿ ಹೇಳಿದ್ದು ಹಿಂದಿಯ ಪದಗಳು ಚಿಕ್ಕವಾದ್ದರಿಂದಲೋ, ಅಭ್ಯಾಸದಿಂದಲೋ? ಎರಡು ವಿವರಣೆಗಳನ್ನು ಎದುರುಬದುರು ನಿಲ್ಲಿಸಿ, ಒಂದನ್ನು ಬೀಳಿಸಬಲ್ಲ ಪ್ರಯೋಗ ಕಟ್ಟಲು ಸಾಧ್ಯವಾದಾಗ ಮಾತ್ರ ಮೂರು ವರ್ಷ ಖರ್ಚು ಮಾಡುವಷ್ಟು ಬಲವಾದ ಪ್ರಶ್ನೆ ಸಿಕ್ಕಿತೆಂದು ತಿಳಿಯಿರಿ.

ನಂತರ ಓದು. 1975ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು, ಒಬ್ಬ ವ್ಯಕ್ತಿ ಸುಮಾರು ಎರಡು ಸೆಕೆಂಡಿನಲ್ಲಿ ಉಚ್ಚರಿಸಬಲ್ಲಷ್ಟು ಪದಗಳನ್ನೇ ಅಲ್ಪಾವಧಿ ನೆನಪಿನಲ್ಲಿ ಹಿಡಿದಿಡುತ್ತಾನೆ ಎಂದು ತೋರಿಸಿದರು. 1980ರಲ್ಲಿ ಎಲಿಸ್ ಮತ್ತು ಹೆನೆಲಿ, ಬ್ರಿಟನ್ನಿನ ವೇಲ್ಸ್ ನಾಡಿನ ಭಾಷೆಯಾದ ವೆಲ್ಷ್ ಹಾಗೂ ಇಂಗ್ಲಿಷ್ ಎರಡನ್ನೂ ಬಲ್ಲವರನ್ನು ಪರೀಕ್ಷಿಸಿದರು. ವೆಲ್ಷ್ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕು; ಆ ಭಾಷೆಯಲ್ಲಿ ನೆನಪಿನ ಸರಣಿಯೂ ಚಿಕ್ಕದಾಗಿತ್ತು. ಬಾಯಲ್ಲಿ ಬೇರೇನನ್ನೋ ಉಚ್ಚರಿಸುತ್ತಿರುವಂತೆ ಮಾಡಿದಾಗ ಆ ವ್ಯತ್ಯಾಸ ಮಾಯವಾಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಪ್ರಶ್ನೆಯನ್ನು ಯಾರೋ ಮೊದಲೇ ಕೇಳಿಬಿಟ್ಟಿದ್ದಾರೆ ಎಂದು ಒಂದು ಗಂಟೆ ದುಃಖ. ಆಮೇಲೆ ಗೊತ್ತಾಯಿತು, ಅವರಲ್ಲಿದ್ದುದು ಎರಡು ಭಾಷೆ, ನಮ್ಮ ಮುಂಬೈಯವರಲ್ಲಿ ಮೂರು ನಾಲ್ಕು. ಜೊತೆಗೆ ಮನೆಯ ಭಾಷೆ, ಶಾಲೆಯ ಭಾಷೆ, ದುಡಿಮೆಯ ಭಾಷೆ ಬೇರೆ ಬೇರೆ. ಅಭ್ಯಾಸವನ್ನೂ ಉದ್ದವನ್ನೂ ಬೇರ್ಪಡಿಸಲು ಇಲ್ಲಿ ಸಿಗುವಷ್ಟು ಒಳ್ಳೆಯ ಅವಕಾಶ ವೇಲ್ಸ್‌ನಲ್ಲಿ ಸಿಗಲಾರದು. ಹಳೆಯ ಪ್ರಬಂಧ ಕಂಡು ಹೆದರಬೇಡಿ. ನಿಮ್ಮ ಊರು ಆ ಪ್ರಶ್ನೆಗೆ ಏನನ್ನು ಸೇರಿಸುತ್ತದೆ ಎಂದು ನೋಡಿ.

ಭಾರತದ್ದೇ ಆದ ಕೆಲಸಗಳನ್ನೂ ಹುಡುಕಿ ಓದಬೇಕು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಗಳ ದಾಖಲೆ ನೋಡಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತೆಂದು 2013ರಲ್ಲಿ ಪ್ರಕಟಿಸಿದರು. ಶಾಲೆಗೆ ಹೋಗದವರಲ್ಲೂ ಅದು ಕಂಡಿತು ಎಂಬುದು ನನಗೆ ತುಂಬ ಹಿಡಿಸಿದ ಭಾಗ. ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರೂಪಿಸಿದ ಅರಿವಿನ ಪರೀಕ್ಷೆಗಳ ಸಂಪುಟ ಕನ್ನಡದಲ್ಲೂ ಇದೆ; ಇಂಗ್ಲಿಷಿನದನ್ನು ನೀವೇ ಅನುವಾದಿಸಲು ಕೂರುವ ಮೊದಲು ಅದನ್ನು ನೋಡಿ. ದೇಶದ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಬಂಧ ಓದುವಾಗ ವಿಧಾನದ ಅಧ್ಯಾಯದಿಂದ ಶುರುಮಾಡಿ. ಎಷ್ಟು ಜನ, ಯಾವ ಭಾಷೆಯಲ್ಲಿ ಕೇಳಿದರು, ಯಾರನ್ನು ಬಿಟ್ಟರು ಎಂಬುದು ತಿಳಿದ ಮೇಲೆ ಫಲಿತಾಂಶ ಓದಿದರೆ ಅದರ ತೂಕ ಗೊತ್ತಾಗುತ್ತದೆ.

ಮಾರ್ಗದರ್ಶಕರು, ನಿಯಮಗಳು

ಇದನ್ನು ಬೇಗ ಮುಗಿಸುತ್ತೇನೆ. ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಎರಡು ವರ್ಷ, ಮಹಿಳೆಯರಿಗೆ ಮತ್ತು ನಲವತ್ತು ಶೇಕಡಾ ಮೀರಿದ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಇನ್ನೂ ಎರಡು ವರ್ಷ ಸಿಗಬಹುದು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯಿದೆ. ತಂಗಿಯರೇ, ಇದನ್ನು ಕೇಳಲು ಸಂಕೋಚ ಬೇಡ, ಇದು ನಿಯಮದಲ್ಲೇ ಬರೆದಿರುವುದು. ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ ಎಂಟು ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು, ಸಹಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು. ಆದ್ದರಿಂದ ಜಾಗ ಇದೆಯೇ ಎಂದು ಮೊದಲೇ ಕೇಳಿ. ಜೆ.ಆರ್.ಎಫ್., ಅಂದರೆ ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ವೇತನ, ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಮುಂಬೈಯ ಬಾಡಿಗೆಗೆ ಅದು ಸಾಲದು, ಆದರೂ ನೆಟ್ ಬರೆಯಿರಿ.

ಮಾರ್ಗದರ್ಶಕರನ್ನು ಆರಿಸುವಾಗ ಅವರ ಪ್ರಬಂಧಗಳ ಪಟ್ಟಿಗಿಂತ ಅವರ ಈಗಿನ ವಿದ್ಯಾರ್ಥಿಗಳನ್ನು ಭೇಟಿ ಮಾಡುವುದು ಹೆಚ್ಚು ಉಪಯುಕ್ತ. ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಸಾಕು. ಒಂದು ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ತಿದ್ದಿ ಕೊಡುತ್ತಾರೆ ಎಂದಷ್ಟೇ ಕೇಳಿ. ನನ್ನ ಮಾರ್ಗದರ್ಶಕಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಹದಿನೈದು ದಿನದಲ್ಲಿ ಕೆಂಪು ಶಾಯಿ ತುಂಬಿದ ಹಾಳೆಗಳು ಕೈಗೆ ಬರುತ್ತಿದ್ದವು. ನನ್ನ ಪ್ರಬಂಧ ಉಳಿದದ್ದೇ ಅದರಿಂದ.

ಮಿದುಳನ್ನು ಅಳೆಯಲೇಬೇಕೇ?

ನರವಿಜ್ಞಾನ ಎಂದರೆ ಯಂತ್ರ ಎಂಬ ಭಾವನೆ ಈಗ ಬಲವಾಗಿದೆ. ಮಿದುಳಿನ ಬಣ್ಣದ ಚಿತ್ರ ಇದ್ದರೆ ಪ್ರಬಂಧಕ್ಕೆ ಗೌರವ ಎಂದುಕೊಳ್ಳುತ್ತಾರೆ. ನನ್ನ ಸಲಹೆ ಬೇರೆ. ಕಾಗದ, ಪೆನ್ಸಿಲ್, ಸ್ಟಾಪ್‌ವಾಚ್, ಒಳ್ಳೆಯ ಧ್ವನಿಮುದ್ರಣ, ಇವುಗಳಿಂದ ಉತ್ತರ ಸಿಗುವುದಾದರೆ ಅಲ್ಲಿಗೇ ನಿಲ್ಲಿ. ವರ್ತನೆಯ ಮಟ್ಟದಲ್ಲಿ ಎರಡು ವಿವರಣೆಗಳನ್ನು ಬೇರ್ಪಡಿಸಲು ಆಗದೆ ಸಿಕ್ಕಿಹಾಕಿಕೊಂಡಾಗ ಮಾತ್ರ ಯಂತ್ರದ ಕಡೆ ನೋಡಿ. ಕ್ಷಣದ ಭಾಗದಲ್ಲಿ ಏನಾಗುತ್ತದೆ ಎಂಬುದು ಬೇಕಿದ್ದರೆ ಇ.ಇ.ಜಿ., ಅಂದರೆ ತಲೆಯ ಮೇಲೆ ಎಲೆಕ್ಟ್ರೋಡುಗಳನ್ನಿಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು; ಎಲ್ಲಿ ಆಗುತ್ತದೆ ಎಂಬುದು ಬೇಕಿದ್ದರೆ ಎಫ್.ಎಂ.ಆರ್.ಐ., ಅಂದರೆ ಕೆಲಸದಲ್ಲಿರುವ ಮಿದುಳಿನ ಸ್ಕ್ಯಾನ್, ಆದರೆ ಅದು ರಕ್ತದ ಹರಿವಿನ ಮೂಲಕ ನೋಡುವುದರಿಂದ ಕೆಲವು ಸೆಕೆಂಡು ಹಿಂದುಳಿಯುತ್ತದೆ.

ಎಂ.ಆರ್.ಐ. ಯೋಚನೆಯನ್ನು ನಾನು ಬಿಟ್ಟದ್ದು ಹಣದ ಕಾರಣಕ್ಕಷ್ಟೇ ಅಲ್ಲ. ಲೋಹದ ಒಡವೆಗಳನ್ನು ತೆಗೆಯದೆ ಆ ಕೋಣೆಯೊಳಗೆ ಬಿಡುವಂತಿಲ್ಲ. ನನ್ನ ಅಧ್ಯಯನದ ಹಿರಿಯ ಹೆಂಗಸರಲ್ಲಿ ಹಲವರು ಮದುವೆಯಾದಾಗಿನಿಂದ ಕರಿಮಣಿಯನ್ನಾಗಲಿ ಕಾಲುಂಗುರವನ್ನಾಗಲಿ ತೆಗೆದವರಲ್ಲ. "ಅವರು ಬದುಕಿರುವಾಗ ನಾನು ಹೇಗಮ್ಮ ತೆಗೆಯಲಿ?" ಎಂದು ಒಬ್ಬರು ಕೇಳಿದಾಗ ನನಗೆ ವಾದಿಸುವ ಮನಸ್ಸಾಗಲಿಲ್ಲ. ತೆಗೆಯಲು ಒಪ್ಪಿದವರನ್ನಷ್ಟೇ ಸೇರಿಸಿಕೊಂಡರೆ ನನ್ನ ಮಾದರಿಯೇ ಓರೆಯಾಗುತ್ತಿತ್ತು.

ಒಪ್ಪಿಗೆ ಪತ್ರದ ಕನ್ನಡ

ಮನುಷ್ಯರ ಮೇಲಿನ ಸಂಶೋಧನೆಗೆ ಐ.ಸಿ.ಎಂ.ಆರ್.ನ 2017ರ ನೈತಿಕ ಮಾರ್ಗಸೂಚಿ ಆಧಾರ. ಎಥಿಕ್ಸ್ ಕಮಿಟಿಯ ಅನುಮತಿ ಕೈಗೆ ಬರುವ ಮೊದಲು ಒಬ್ಬರನ್ನೂ ಪರೀಕ್ಷಿಸಬೇಡಿ, ಪ್ರಾಯೋಗಿಕ ಸುತ್ತಿಗೂ ಇಲ್ಲ. ಸಮಿತಿ ಎರಡು ಮೂರು ತಿಂಗಳಿಗೊಮ್ಮೆ ಸೇರುವುದಾದರೆ ಒಂದು ತಿದ್ದುಪಡಿಗೆ ಅಷ್ಟೂ ಕಾಲ ಹೋಗುತ್ತದೆ. ಆದ್ದರಿಂದ ಮೊದಲ ಅರ್ಜಿಯಲ್ಲೇ ಕನ್ನಡ ಮತ್ತು ಮರಾಠಿ ಪತ್ರಗಳನ್ನೂ, ಬೇರೊಬ್ಬರಿಂದ ಅವುಗಳನ್ನು ಇಂಗ್ಲಿಷಿಗೆ ತಿರುಗಿ ಅನುವಾದಿಸಿದ ಪ್ರತಿಗಳನ್ನೂ ಲಗತ್ತಿಸಿ.

ಪತ್ರದ ಭಾಷೆಯ ಮೇಲೆ ನಾನು ಎರಡು ತಿಂಗಳು ಕೂತೆ, ಅದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಮೊದಲ ಕರಡಿನಲ್ಲಿ "ಪ್ರಯೋಗ" ಎಂದು ಬರೆದಿದ್ದೆ, ಓದಿದ ಒಬ್ಬ ಅಜ್ಜಿ "ನಮ್ಮ ಮೇಲೆ ಪ್ರಯೋಗ ಮಾಡುತ್ತೀರಾ?" ಎಂದರು. "ಪರೀಕ್ಷೆ" ಎಂದು ಬದಲಿಸಿದೆ. ಆಗ ಹಿರಿಯರು ಪಾಸು ಫೇಲು ಎಂದು ಚಿಂತೆಗೆ ಬಿದ್ದರು, ಒಬ್ಬರಂತೂ ಹಿಂದಿನ ರಾತ್ರಿ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬಂದರು. ಕೊನೆಗೆ "ಅಧ್ಯಯನ" ಎಂಬ ಪದವನ್ನೂ, "ಕೆಲವು ಅಂಕಿಗಳನ್ನು ಕೇಳಿ ತಿರುಗಿ ಹೇಳುವ ಕೆಲಸ" ಎಂಬ ವಿವರಣೆಯನ್ನೂ ಇಟ್ಟುಕೊಂಡೆ. "ಯಾವಾಗ ಬೇಕಾದರೂ ಎದ್ದು ಹೋಗಬಹುದು, ಕಾರಣ ಹೇಳಬೇಕಾಗಿಲ್ಲ" ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ, ಬಾಯಲ್ಲೂ ಹೇಳಿ. ನಮ್ಮ ಹಿರಿಯರು ಮರ್ಯಾದೆಗಾಗಿ ಕೂತೇ ಇರುತ್ತಾರೆ. ದಣಿದದ್ದು ಕಂಡರೆ ನೀವೇ ನಿಲ್ಲಿಸಬೇಕು. ಓದು ಬಾರದವರಿಗೆ ಪೂರ್ತಿ ಓದಿ ಹೇಳಿ, ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯ ಎದುರಿನಲ್ಲಿ ಹೆಬ್ಬೆಟ್ಟು ಪಡೆಯಬೇಕು.

ನೆನಪನ್ನು ಮುಟ್ಟುವ ಯಾವುದೇ ಅಧ್ಯಯನದಲ್ಲಿ ಒಂದು ಸಂಗತಿಗೆ ಮೊದಲೇ ಸಿದ್ಧರಾಗಿರಿ. ಯಾರೋ ಒಬ್ಬರಲ್ಲಿ ನಿಜವಾದ ಮರೆವಿನ ಲಕ್ಷಣ ನಿಮಗೆ ಕಾಣುತ್ತದೆ. ಆಗ ಏನು ಹೇಳುತ್ತೀರಿ, ಯಾರಿಗೆ ಹೇಳುತ್ತೀರಿ, ಯಾವ ವೈದ್ಯರ ಬಳಿಗೆ ಕಳಿಸುತ್ತೀರಿ? ಅರ್ಜಿಯಲ್ಲಿ ಒಂದು ಪ್ಯಾರಾ ಬರೆದರೆ ಸಾಲದು, ಆ ವೈದ್ಯರೊಂದಿಗೆ ಮಾತಾಡಿ ಇಟ್ಟುಕೊಂಡಿರಬೇಕು. ನನಗೆ ಅಂಥ ಸಂದರ್ಭ ಮೂರು ಸಲ ಬಂತು. "ಅರಳುಮರಳು" ಎಂಬ ಪದ ನಿಮ್ಮ ಬಾಯಿಂದ ಎಂದೂ ಬರಬಾರದು.

ಅಳತೆಗೋಲು ಮಾಡುವುದು

ಪ್ರಬಂಧದ ಜೀವ ಇರುವುದು ಇಲ್ಲಿ. ನಿಮ್ಮ ಕಾಲದ ಮೂರನೇ ಒಂದು ಭಾಗವನ್ನು ಇದಕ್ಕೆ ಕೊಡಿ.

ಅಂಕಿಗಳನ್ನು ಸೆಕೆಂಡಿಗೆ ಒಂದರಂತೆ ಹೇಳಬೇಕು ಎಂಬುದು ವಾಡಿಕೆ. ಬಾಯಲ್ಲಿ ಹೇಳಿದರೆ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದೆ ನಿಧಾನವಾಗುತ್ತೀರಿ, ಹಾಗಾಗಿ ಧ್ವನಿಮುದ್ರಿಸಿಯೇ ಕೇಳಿಸಿ. ನಾನು ಮೊದಲು ನನ್ನದೇ ಧ್ವನಿಯಲ್ಲಿ ಮುದ್ರಿಸಿದೆ. ನಾನು ಧಾರವಾಡದವಳು. ಕೇಳಿದವರಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯವರು. ನನ್ನ "ನಾಲ್ಕು" ಅವರ ಕಿವಿಗೆ ಬೇರೆಯಾಗಿಯೇ ಬೀಳುತ್ತಿತ್ತು. ಮತ್ತೆ ಮೂಡಬಿದಿರೆ ಮೂಲದ ಒಬ್ಬ ನಿವೃತ್ತ ಶಿಕ್ಷಕಿಯಿಂದ ಮುದ್ರಿಸಿದೆ, ಮೂರೂ ಭಾಷೆಗಳನ್ನು ಅವರದೇ ಧ್ವನಿಯಲ್ಲಿ. ಧ್ವನಿ ಬದಲಾದರೆ ಭಾಷೆಯ ಪರಿಣಾಮ ಯಾವುದು, ಧ್ವನಿಯ ಪರಿಣಾಮ ಯಾವುದು ಎಂದು ಹೇಳಲಾಗುವುದಿಲ್ಲ. ಉಚಿತವಾಗಿ ಸಿಗುವ, ಧ್ವನಿಯನ್ನು ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ ಪ್ರತಿ ಅಂಕಿಯ ಅವಧಿಯನ್ನು ಮಿಲಿಸೆಕೆಂಡಿನಲ್ಲಿ ಅಳೆದು ಪಟ್ಟಿ ಮಾಡಿ ಪ್ರಬಂಧದ ಅನುಬಂಧಕ್ಕೆ ಹಾಕಿ.

ಸರಣಿಗಳನ್ನು ಯಂತ್ರ ಆರಿಸಿಕೊಟ್ಟಿತೆಂದು ಹಾಗೆಯೇ ಬಳಸಬೇಡಿ. ಕನ್ನಡದಲ್ಲಿ ಮೂರು ಮತ್ತು ಆರು ಒಂದೇ ಪ್ರಾಸದವು. ಪ್ರಾಸ ಕೂಡುವ ಪದಗಳು ಅಕ್ಕಪಕ್ಕ ಬಂದರೆ ನೆನಪಿನಲ್ಲಿ ಒಂದಕ್ಕೊಂದು ಬೆರೆತುಹೋಗುತ್ತವೆ. 1964ರಲ್ಲೇ ಕಾನ್ರಾಡ್ ಇದನ್ನು ತೋರಿಸಿದ್ದಾರೆ. ಹಿಂದಿಯ ಸಾತ್ ಮತ್ತು ಆಠ್ ಕೂಡ ಹತ್ತಿರದವು. 1, 9, 4, 7 ಎಂದು ಬಂದರೆ ಈ ದೇಶದಲ್ಲಿ ಯಾರೂ ಮರೆಯುವುದಿಲ್ಲ, ಅದನ್ನೂ ತೆಗೆಯಿರಿ.

ಉಚ್ಚಾರವನ್ನು ತಡೆಯುವ ಹಂತದಲ್ಲಿ, ಅಂದರೆ ಅಂಕಿ ಕೇಳುತ್ತಿರುವಾಗಲೇ ಬಾಯಲ್ಲಿ ಬೇರೊಂದು ಶಬ್ದ ಹೇಳುತ್ತಿರಬೇಕಾದಾಗ, ನಾನು "ರಾಮ ರಾಮ" ಎಂದು ಇಟ್ಟಿದ್ದೆ. ಎಲ್ಲರಿಗೂ ಸುಲಭ ಎಂಬ ಯೋಚನೆ. ಅದು ತಪ್ಪಾಗಿತ್ತು. ದಿನವೂ ಜಪ ಮಾಡುವವರಿಗೆ ಅದು ಉಸಿರಿನಷ್ಟು ಸಹಜ, ಉಳಿದವರಿಗೆ ಹಾಗಲ್ಲ. ಜೊತೆಗೆ ನನ್ನ ಭಾಗಿಗಳಲ್ಲಿ ಬ್ಯಾರಿ ಮುಸ್ಲಿಮರಿದ್ದರು, ಕ್ರೈಸ್ತರಿದ್ದರು, ಜೈನರಿದ್ದರು. "ಲ ಲ ಲ" ಎಂದು ಬದಲಿಸಿದೆ.

ಇನ್ನು ಭಾಷೆಯ ಪ್ರಶ್ನಾವಳಿ. ಮುಂಬೈಯಲ್ಲಿ "ನಿಮ್ಮ ಮಾತೃಭಾಷೆ ಯಾವುದು?" ಎಂದು ಒಂದೇ ಪ್ರಶ್ನೆ ಕೇಳಿ ಮುಗಿಸುವುದು ಅನ್ಯಾಯ. ನನ್ನ ಭಾಗಿಯೊಬ್ಬರ ಮನೆಮಾತು ತುಳು. ಹನ್ನೊಂದರ ವಯಸ್ಸಿಗೆ ಮುಂಬೈಗೆ ಬಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಗಿರಾಕಿಗಳೊಂದಿಗೆ ಹಿಂದಿ, ಚಾಳಿನ ನೆರೆಯವರೊಂದಿಗೆ ಮರಾಠಿ, ಮೊಮ್ಮಕ್ಕಳೊಂದಿಗೆ ಇಂಗ್ಲಿಷ್ ಬೆರೆತ ತುಳು. ಕೇಳಿದರೆ "ನಾನು ಕನ್ನಡದವ" ಎನ್ನುತ್ತಾರೆ, ಅದು ಪೂರ್ತಿ ನಿಜ. ಆದರೆ ನನ್ನ ಕೋಷ್ಟಕಕ್ಕೆ ಅದು ಸಾಲದು. ಹಾಗಾಗಿ ಸಣ್ಣ ಸಣ್ಣ ಕೆಲಸಗಳ ಬಗ್ಗೆ ಕೇಳಿದೆ: ಚಿಲ್ಲರೆ ಯಾವ ಭಾಷೆಯಲ್ಲಿ ಎಣಿಸುತ್ತೀರಿ? ಫೋನ್ ನಂಬರ್ ಯಾವುದರಲ್ಲಿ ಹೇಳುತ್ತೀರಿ? ಮಗ್ಗಿ ಯಾವುದರಲ್ಲಿ ಕಲಿತಿರಿ? ಸಿಟ್ಟು ಬಂದರೆ ಯಾವ ಭಾಷೆ? ಮಗ್ಗಿಯ ಪ್ರಶ್ನೆಯೇ ನನ್ನ ಇಡೀ ಪ್ರಬಂಧದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಪ್ರಶ್ನೆ. ರಾತ್ರಿ ಶಾಲೆಯ ವರ್ಷಗಳನ್ನು ಹಗಲು ಶಾಲೆಯ ವರ್ಷಗಳೊಂದಿಗೆ ಒಂದೇ ಅಂಕಣದಲ್ಲಿ ಸೇರಿಸಬೇಡಿ. ಹದಿನಾಲ್ಕು ಗಂಟೆ ತಟ್ಟೆ ತೊಳೆದು ಬಂದು ಓದಿದ ವರ್ಷ ಬೇರೆಯದೇ ವರ್ಷ.

ಮೂರು ಭಾಷೆಗಳೆಂದರೆ ಆರು ಕ್ರಮಗಳು. ಆರರಲ್ಲೂ ಸಮಾನ ಸಂಖ್ಯೆಯ ಭಾಗಿಗಳು ಬರುವಂತೆ ನೋಡಿಕೊಳ್ಳಿ, ಇಲ್ಲವಾದರೆ ಕೊನೆಯ ಭಾಷೆಗೆ ದಣಿವಿನ ದಂಡ ಬೀಳುತ್ತದೆ. ಪರದೆಯ ಮೇಲೆ ಕನ್ನಡ ತೋರಿಸುವವರಿಗೆ ಒಂದು ಮಾತು: ಪ್ರಯೋಗಗಳನ್ನು ಪರದೆಯ ಮೇಲೆ ನಡೆಸುವ ಸೈಕೋಪೈನಂಥ ತಂತ್ರಾಂಶದಲ್ಲಿ ನನಗೆ ಒತ್ತಕ್ಷರಗಳು ಚದುರಿ ಕಂಡವು. ಪದಗಳನ್ನು ಚಿತ್ರಗಳಾಗಿ ಉಳಿಸಿಕೊಂಡು ತೋರಿಸಿದೆ, ತೊಂದರೆ ತೀರಿತು.

ಜನ ಎಷ್ಟು, ಎಲ್ಲಿ, ಯಾವಾಗ

ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಿ; ಉಚಿತ ತಂತ್ರಾಂಶ ಜಿ-ಪವರ್ ಇದೆ. ಮಧ್ಯಮ ಗಾತ್ರದ ವ್ಯತ್ಯಾಸ, ಅಂದರೆ ಅಂತರವನ್ನು ಅಂಕಗಳ ಹರಡಿಕೆಗೆ ಹೋಲಿಸುವ ಕೋಹೆನ್ ಅಳತೆಯಲ್ಲಿ 0.5, ಇದ್ದರೆ ಅದನ್ನು ನೂರರಲ್ಲಿ ಎಂಬತ್ತು ಸಲ ಹಿಡಿಯಲು ಎರಡು ಪ್ರತ್ಯೇಕ ಗುಂಪುಗಳಿಗೆ ತಲಾ 64 ಮಂದಿ ಬೇಕು. ಅದೇ ವ್ಯಕ್ತಿಯನ್ನು ಎರಡೂ ಭಾಷೆಯಲ್ಲಿ ಅಳೆದರೆ ಒಟ್ಟು 34 ಸಾಕು. ವ್ಯತ್ಯಾಸ 0.3 ಇದ್ದರೆ ಆ 34 ಸುಮಾರು 90 ಆಗುತ್ತದೆ. "ಮೂವತ್ತು ಮಂದಿ ಇದ್ದರೆ ಸಾಕು" ಎಂದು ಯಾರಾದರೂ ಹೇಳಿದರೆ ಯಾವುದಕ್ಕೆ ಸಾಕು ಎಂದು ಕೇಳಿ.

ಮುಂಬೈಯಲ್ಲಿ ಕನ್ನಡ ಬಲ್ಲ ಹಿರಿಯರನ್ನು ಹುಡುಕಲು ಮಾಟುಂಗ, ಮಾಹಿಮ್, ಸಯನ್, ಡೊಂಬಿವಲಿ ಕಡೆಯ ಸಂಘಗಳ ಸಭಾಂಗಣಗಳಿವೆ, ಭಜನಾ ಮಂಡಳಿಗಳಿವೆ. ಆದರೆ ಅಲ್ಲಿ ಸಿಗುವವರು ಲವಲವಿಕೆಯಿಂದ ಓಡಾಡುವವರು. ಮನೆಯಲ್ಲೇ ಉಳಿದವರನ್ನೂ ತಲುಪಬೇಕು. ಅದಕ್ಕೆ ಹೋಟೆಲಿನವರು ನನಗೆ ಮಾಡಿದ ಸಹಾಯ ದೊಡ್ಡದು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಶುರುವಾಗುವ ಮುನ್ನ, ಮೂರರಿಂದ ನಾಲ್ಕೂವರೆ, ಮಾಲೀಕರಿಗೆ ಪುರುಸೊತ್ತು. ಆಗ ಹೋಗಿ ಮಾತಾಡಿ. ಭಾನುವಾರ ಭೇಟಿ ಇಟ್ಟುಕೊಂಡರೆ ಲೋಕಲ್ ರೈಲಿನ ಮೆಗಾಬ್ಲಾಕ್ (ದುರಸ್ತಿಗಾಗಿ ರೈಲು ನಿಲ್ಲಿಸುವುದು) ಯಾವ ಮಾರ್ಗದಲ್ಲಿದೆ ಎಂದು ಹಿಂದಿನ ದಿನವೇ ನೋಡಿ. ನಾನು ಒಮ್ಮೆ ನೋಡದೆ ಹೋಗಿ, ಎಂಬತ್ತರ ಹಿರಿಯರೊಬ್ಬರು ಎರಡು ಗಂಟೆ ಹೊಸ ಅಂಗಿ ತೊಟ್ಟು ಕಾಯುವಂತೆ ಮಾಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭೇಟಿಗಳನ್ನು ಅರ್ಧಕ್ಕೆ ಇಳಿಸಿ, ಆ ತಿಂಗಳುಗಳನ್ನು ವಿಶ್ಲೇಷಣೆಗೆ ಮೀಸಲಿಡಿ. ಪ್ರಯಾಣದ ಖರ್ಚನ್ನು ಕೈಗೆ ಕೊಡಿ, ಬೇಡ ಎಂದರೂ ಕೊಡಿ.

ಪ್ರಾಯೋಗಿಕ ಸುತ್ತಿನಲ್ಲಿ ಒಂಬತ್ತು ಮಂದಿಯನ್ನು ನೋಡಿದೆ. ಇಬ್ಬರ ಸರಣಿ ಅಚ್ಚರಿ ಹುಟ್ಟಿಸುವಷ್ಟು ಚಿಕ್ಕದಿತ್ತು. ನೆನಪಿನ ತೊಂದರೆಯಲ್ಲ, ಕಿವಿ ಮಂದ. ಅಂದಿನಿಂದ ಮೊದಲು ಕಿವಿಯನ್ನು ಪರೀಕ್ಷಿಸಿ, ಕನ್ನಡಕ ತಂದಿದ್ದಾರೆಯೇ ಎಂದು ಕೇಳಿ, ಆಮೇಲೆ ಶುರುಮಾಡುತ್ತಿದ್ದೆ.

ಇ.ಇ.ಜಿ. ಮಾಡುವವರಿಗೆ

ನನ್ನ ಒಂದು ಅಧ್ಯಾಯಕ್ಕೆ ಇ.ಇ.ಜಿ. ಬೇಕಾಯಿತು, ಅಂಕಿ ಕೇಳಿದ ಬಳಿಕ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಮೂರು ಸೆಕೆಂಡುಗಳನ್ನು ನೋಡಲು. ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿ ಮನುಷ್ಯನ ತಲೆಯಿಂದ ಈ ಅಲೆಗಳನ್ನು ದಾಖಲಿಸಿದಾಗ ಅವರ ಎದುರು ಕೂತವರ ತಲೆಯಲ್ಲಿ ಕೊಬ್ಬರಿ ಎಣ್ಣೆ ಇದ್ದಿರಲಾರದು. ನಮ್ಮವರ ತಲೆಯಲ್ಲಿ ಇರುತ್ತದೆ. ಎಣ್ಣೆಯಿದ್ದರೆ ಚರ್ಮ ಮತ್ತು ಎಲೆಕ್ಟ್ರೋಡಿನ ನಡುವಿನ ತಡೆ ಏರುತ್ತದೆ, ಐದು ಕಿಲೋಓಮ್‌ಗೆ ಇಳಿಸಲು ಒದ್ದಾಡಬೇಕಾಗುತ್ತದೆ. "ತಲೆಗೆ ಸ್ನಾನ ಮಾಡಿ ಬನ್ನಿ" ಎಂದಷ್ಟೇ ಹೇಳಿದರೆ ಹಿರಿಯರು ಸ್ನಾನ ಮಾಡಿ, ನೀಟಾಗಿ ಎಣ್ಣೆ ಹಚ್ಚಿ ಬಾಚಿಕೊಂಡು ಬರುತ್ತಾರೆ, ಅದೇ ಅವರ ಕ್ರಮ. "ಸ್ನಾನದ ನಂತರ ಎಣ್ಣೆ ಹಚ್ಚಬೇಡಿ, ಹೂವು ಮುಡಿಯಬೇಡಿ" ಎಂದು ಬಿಡಿಸಿ ಹೇಳಿ, ಹಿಂದಿನ ಸಂಜೆ ಫೋನ್ ಮಾಡಿ ಮತ್ತೊಮ್ಮೆ ಹೇಳಿ. ಹಣೆಯ ಕುಂಕುಮದ ಜಾಗಕ್ಕೂ ಮುಂಭಾಗದ ಎಲೆಕ್ಟ್ರೋಡಿನ ಜಾಗಕ್ಕೂ ಹೆಚ್ಚು ದೂರವಿಲ್ಲ. ಒರೆಸಿ ಎನ್ನಬೇಡಿ; ಸ್ವಲ್ಪ ಕೆಳಗೆ ಇಟ್ಟುಕೊಂಡು ಬರುವಂತೆ ಮೊದಲೇ ಕೇಳಿಕೊಳ್ಳಿ.

ಮುಂಬೈಯ ಬೆವರು ಇನ್ನೊಂದು ಶತ್ರು. ಬೆವರಿದರೆ ದಾಖಲೆ ನಿಧಾನವಾಗಿ ಮೇಲೆ ಕೆಳಗೆ ತೇಲುತ್ತದೆ. ಸ್ಟೇಷನ್ನಿನಿಂದ ನಡೆದು ಬಂದವರನ್ನು ಇಪ್ಪತ್ತು ನಿಮಿಷ ತಂಪಾದ ಕೋಣೆಯಲ್ಲಿ ಕೂರಿಸಿ, ನೀರು ಕೊಟ್ಟು, ಊರಿನ ಸುದ್ದಿ ಮಾತಾಡಿ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಸದ್ದು ದಾಖಲೆಯಲ್ಲಿ ಕಾಣಿಸುತ್ತದೆ. ಫಿಲ್ಟರ್ ಹಾಕುವ ಮೊದಲು ಮೊಬೈಲ್ ಚಾರ್ಜರ್, ಟ್ಯೂಬ್‌ಲೈಟ್, ಪಕ್ಕದ ವೈರುಗಳನ್ನು ದೂರ ಮಾಡಿ ನೋಡಿ. ಕೆಲಸ ಮುಗಿದ ಮೇಲೆ ಕೂದಲಿಗೆ ಅಂಟಿದ ಜೆಲ್ ತೊಳೆಯಲು ಬಿಸಿನೀರು, ಶುಭ್ರ ಟವೆಲ್, ಹೊಸ ಬಾಚಣಿಗೆ, ಹೆಂಗಸರಿಗೆ ಬಾಗಿಲು ಮುಚ್ಚುವ ಕೋಣೆ ಇರಲೇಬೇಕು. ಒದ್ದೆ ತಲೆಯಲ್ಲಿ ಅವರನ್ನು ಲೋಕಲ್ ಹತ್ತಿಸಬೇಡಿ.

ಡೇಟಾ ಬಂದ ಮೇಲೆ

ಡೇಟಾ ನೋಡುವ ಮೊದಲೇ ನಿಮ್ಮ ಊಹೆ ಏನು, ಯಾರನ್ನು ಹೊರಗಿಡುತ್ತೀರಿ, ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಹಾಕುತ್ತೀರಿ ಎಂದು ಬರೆದು, ತಾರೀಖಿನೊಂದಿಗೆ ಸಂಶೋಧಕರ ಜಾಲತಾಣವಾದ ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ನೋಂದಾಯಿಸಿ. 2015ರಲ್ಲಿ ಮನೋವಿಜ್ಞಾನದ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ 97 ಶೇಕಡಾ ಫಲಿತಾಂಶಗಳು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಮನಾರ್ಹ ಎನಿಸಿದ್ದವು. ಮರುಪ್ರಯತ್ನದಲ್ಲಿ 36 ಶೇಕಡಾ ಮಾತ್ರ. ಆ ಸಂಶೋಧಕರೆಲ್ಲ ಸುಳ್ಳು ಹೇಳಿದರು ಎಂದಲ್ಲ. ಚಿಕ್ಕ ಮಾದರಿ, ಬೇಕಾದ ಉತ್ತರ ಸಿಗುವವರೆಗೆ ಲೆಕ್ಕ ತಿರುಗಿಸುವ ಅಭ್ಯಾಸ, ಇವು ಒಳ್ಳೆಯವರನ್ನೂ ದಾರಿ ತಪ್ಪಿಸುತ್ತವೆ. ನನಗೂ ಒಂದು ರಾತ್ರಿ ಇಬ್ಬರು ಭಾಗಿಗಳನ್ನು ಪಟ್ಟಿಯಿಂದ ತೆಗೆದರೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ನೋಂದಾಯಿಸಿದ ಪುಟ ತೆರೆದು ನೋಡಿದೆ. ಅವರನ್ನು ತೆಗೆಯಲು ಅಲ್ಲಿ ಕಾರಣವಿರಲಿಲ್ಲ. ಉಳಿಸಿಕೊಂಡೆ.

ಮೂಲ ಕಡತಗಳನ್ನು ಒಂದು ಫೋಲ್ಡರಿನಲ್ಲಿ ಮುಟ್ಟದೆ ಇಡಿ. ಹೆಸರುಗಳ ಪಟ್ಟಿ ಬೇರೆ, ಅಂಕಗಳ ಪಟ್ಟಿ ಬೇರೆ, ನಡುವೆ ಸಂಕೇತ ಸಂಖ್ಯೆ. ಮೂರು ಪ್ರತಿ, ಅದರಲ್ಲಿ ಒಂದು ಮನೆಯ ಹೊರಗೆ. ನಮ್ಮ ಕೆಳಗಿನ ಮಹಡಿಯಲ್ಲಿ ಮಳೆನೀರು ನುಗ್ಗಿದ ವರ್ಷ ನನ್ನನ್ನು ಕಾಪಾಡಿದ್ದು ಆ ಮೂರನೆಯ ಪ್ರತಿ. ಒಬ್ಬರಿಂದ ಹಲವು ಅಳತೆಗಳು ಬಂದಿದ್ದರೆ ಮಿಶ್ರ ಮಾದರಿಯ ವಿಶ್ಲೇಷಣೆ ಕಲಿಯಿರಿ, ಆರ್ ತಂತ್ರಾಂಶ ಉಚಿತ.

ಬರವಣಿಗೆಯನ್ನು ವಿಧಾನದ ಅಧ್ಯಾಯದಿಂದ, ಡೇಟಾ ಸಂಗ್ರಹಿಸುತ್ತಿರುವಾಗಲೇ ಶುರುಮಾಡಿ. ಬೇರೆಯವರ ಬರಹದೊಂದಿಗೆ ಹೋಲಿಸಿ ನೋಡುವ ಸಾಮ್ಯತೆ ಪರೀಕ್ಷೆಯಲ್ಲಿ ಹತ್ತು ಶೇಕಡಾದವರೆಗೆ ದಂಡವಿಲ್ಲ ಎಂದು ಯು.ಜಿ.ಸಿ.ಯ 2018ರ ನಿಯಮ ಹೇಳುತ್ತದೆ. ಆ ಸಂಖ್ಯೆಯ ಮೇಲೆ ಕಣ್ಣಿಟ್ಟು ಪದ ಬದಲಿಸುವ ಬದಲು, ಓದಿದ್ದನ್ನು ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆಯಿರಿ.

ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ಮುಗಿದ ವಾರವೇ ಭಾಗಿಗಳಿಗೆ ಒಂದು ಪುಟದ ಫಲಿತಾಂಶ ಬರೆಯಿರಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಯಾರ ವೈಯಕ್ತಿಕ ಅಂಕವೂ ಅದರಲ್ಲಿ ಬೇಡ. ಅಂಚೆಯಲ್ಲಿ ಕಳಿಸಬಹುದಾದವರಿಗೆ ಕಳಿಸಿ, ಉಳಿದವರ ಮನೆಗೆ ಹೋಗಿ. ಗಲ್ಲೆಯ ಹಿರಿಯರ ಮನೆಗೆ ನಾನು ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಪುಟವನ್ನು ಮಗ ಓದಿ ಹೇಳಿದರು. ಹಿರಿಯರು ಕಣ್ಣು ಮುಚ್ಚಿಕೊಂಡೇ ಕೇಳಿ, ಕೈಬೆರಳು ಮಡಿಸುತ್ತ ಏಕ್, ದೋ, ತೀನ್ ಎಂದು ಒಂಬತ್ತರವರೆಗೆ ಎಣಿಸಿದರು, ಆಮೇಲೆ ಒಂದು, ಎರಡು, ಮೂರು ಎಂದು ಇನ್ನೊಂದು ಕೈಯಲ್ಲಿ.